ಅಚ್ಚಿನ ಮನೆಗೆ ಹೋಗುವ ಮುನ್ನ: ವಚನಗಳ ಮುದ್ರಣಪ್ರತಿಯ ವಿಚಾರ

ವಚನವೊಂದನ್ನು ನಿತ್ಯಪಾರಾಯಣಕ್ಕೆಂದು ಕೈಗೆತ್ತಿಕೊಳ್ಳುವ ಭಕ್ತನಾಗಲಿ, ಸಾಹಿತ್ಯಾಭ್ಯಾಸಕ್ಕೆಂದು ಓದುವ ವಿದ್ಯಾರ್ಥಿಯಾಗಲಿ, ತನ್ನ ಮುಂದಿರುವ ಪುಟ ಹೇಗೆ ಸಿದ್ಧವಾಯಿತೆಂದು ಕೇಳುವುದಿಲ್ಲ. ಅಚ್ಚಿನಲ್ಲಿ ಕಂಡುದೆಲ್ಲ ಶರಣರ ಬಾಯಿಂದ ಬಂದುದೇ ಎಂದು ಅವನು ನಂಬುತ್ತಾನೆ. ಆ ನಂಬಿಕೆಯನ್ನು ತಪ್ಪೆನ್ನಲಾಗದು. ಆದರೆ ಓಲೆಗರಿಗೂ ಅಚ್ಚಾದ ಪುಟಕ್ಕೂ ನಡುವೆ ಒಬ್ಬ ವ್ಯಕ್ತಿ ಇದ್ದಾನೆ. ಓಲೆಯನ್ನು ಓದಿ, ಪದಗಳನ್ನು ಬಿಡಿಸಿ, ಸಾಲುಗಳನ್ನು ಒಡೆದು, ಅಕ್ಷರಗಳನ್ನು ಇಂದಿನ ಬರವಣಿಗೆಗೆ ತಂದು, ಅಚ್ಚಿನ ಮನೆಗೆ ಕೊಡುವ ಪ್ರತಿಯನ್ನು ಸಿದ್ಧಪಡಿಸಿದವನು ಅವನು. ಅವನು ಕೈಕೊಂಡ ನಿರ್ಣಯಗಳು ನೂರಾರು. ಪುಟದ ಮೇಲೆ ಅವುಗಳ ಗುರುತು ಒಂದೂ ಉಳಿದಿರುವುದಿಲ್ಲ. ಮುದ್ರಣಪ್ರತಿಯ ಸಿದ್ಧತೆಯೆಂಬುದು ಗುಮಾಸ್ತನ ಕೆಲಸವೆಂದು ವಿದ್ವಾಂಸರಲ್ಲಿಯೂ ಹಲವರು ಭಾವಿಸಿದ್ದಾರೆ. ವಿಚಾರಿಸಿ ನೋಡಿದರೆ ಅದು ವಚನದ ಮೇಲೆ ಬರೆಯಲ್ಪಡುವ ಕೊನೆಯ ಟೀಕೆ. ಇತರ ಟೀಕೆಗಳಿಗೆ ಟೀಕಾಕಾರನ ಹೆಸರುಂಟು, ಈ ಟೀಕೆಗೆ ಹೆಸರಿಲ್ಲ. ಆದಕಾರಣವೇ ಅದರ ಪರಿಶೀಲನೆ ಅಗತ್ಯವಾಗಿದೆ.

ವಚನಗಳ ಮುದ್ರಣದ ಇತಿಹಾಸದಲ್ಲಿ ಮೊದಲು ನೆನೆಯಬೇಕಾದ ಹೆಸರು ಫ. ಗು. ಹಳಕಟ್ಟಿಯವರದು (1880–1964). ವಿಜಾಪುರದಲ್ಲಿ ವಕೀಲ ವೃತ್ತಿಯನ್ನು ನಡೆಸುತ್ತಿದ್ದ ಅವರು ಮನೆಮನೆಗಳಲ್ಲಿದ್ದ ಓಲೆಕಟ್ಟುಗಳನ್ನು ಅರಸಿ ಸಂಗ್ರಹಿಸಿ, ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು 1923ರಲ್ಲಿ ಬೆಳಕಿಗೆ ತಂದರು. ಅಷ್ಟಕ್ಕೆ ತೃಪ್ತರಾಗದೆ 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಪ್ರಾರಂಭಿಸಿದರು. ಸಂಶೋಧಕನೊಬ್ಬನು ಸ್ವಂತ ಮುದ್ರಣಾಲಯದ ಹೊರೆಯನ್ನು ಹೊತ್ತುಕೊಂಡುದಕ್ಕೆ ಆರ್ಥಿಕವಾದ ಕಾರಣಗಳನ್ನು ಹೇಳುವುದು ವಾಡಿಕೆ. ಆ ಏರ್ಪಾಟಿನಿಂದ ಇನ್ನೊಂದು ಪ್ರಯೋಜನವೂ ಒದಗಿತೆಂಬುದನ್ನು ಗಮನಿಸಬೇಕು. ಓಲೆಯನ್ನು ಓದುವವನೂ ಮೊಳೆಯನ್ನು ಜೋಡಿಸುವವನೂ ಒಂದೇ ಸೂರಿನ ಕೆಳಗೆ ಇರುವಂತಾಯಿತು. ಮೊಳೆ ಜೋಡಿಸುವವನಿಗೆ ಸಂದೇಹ ಬಂದರೆ ಕೇಳಬಹುದಾದವರು ಹತ್ತಿರದಲ್ಲಿಯೇ ಇದ್ದರು. ಇಂದಿನ ವ್ಯಾಪಾರಿ ಮುದ್ರಣದಲ್ಲಿ ಕಾಣೆಯಾಗಿರುವುದು ಈ ಸಾಮೀಪ್ಯವೇ.

ಮುದ್ರಣಪ್ರತಿಯ ಹೊಣೆ ಎಷ್ಟು ದೊಡ್ಡದೆಂಬುದು ಓಲೆಯ ಸ್ವರೂಪವನ್ನು ಬಲ್ಲವರಿಗೆ ಮಾತ್ರ ತಿಳಿಯುತ್ತದೆ. ಹನ್ನೆರಡನೆಯ ಶತಮಾನದ ಶರಣರು ಬರೆದ ಓಲೆಗಳು ಉಳಿದುಬಂದಿಲ್ಲ. ದೊರೆಯುತ್ತಿರುವವು ಶತಮಾನಗಳ ಅನಂತರದ ಪ್ರತಿಗಳು. ಅವುಗಳಲ್ಲಿ ಪದಗಳ ನಡುವೆ ತೆರಪಿಲ್ಲ. ಅಲ್ಪವಿರಾಮ, ಪ್ರಶ್ನಾರ್ಥಕ, ಉದ್ಧರಣ ಚಿಹ್ನೆಗಳಿಲ್ಲ. ಕಂಟವು ಗರಿಯ ಎಡತುದಿಯಿಂದ ಬಲತುದಿಗೆ ತಡೆಯಿಲ್ಲದೆ ಸಾಗುತ್ತದೆ. ಪದವನ್ನು ಎಲ್ಲಿ ಬಿಡಿಸಬೇಕೆಂಬುದು ಓದುವವನ ಅರಿವಿಗೆ ಬಿಟ್ಟುದು. ವಿಷಯದ ಸ್ಪಷ್ಟತೆಗಾಗಿ ಕಟ್ಟಿಕೊಂಡ ಎರಡು ಉದಾಹರಣೆಗಳನ್ನು ನೋಡಬಹುದು. ‘ಕೊಡನಾರಿಗೆ’ ಎಂಬ ಅಕ್ಷರಪಂಕ್ತಿಯನ್ನು ‘ಕೊಡನು ಆರಿಗೆ’ ಎಂದು ಬಿಡಿಸಿದರೆ ದಾನದ ಮಾತಾಗುತ್ತದೆ. ‘ಕೊಡ ನಾರಿಗೆ’ ಎಂದು ಬಿಡಿಸಿದರೆ ನೀರು ಹೊರುವ ಹೆಣ್ಣಿನ ಮಾತಾಗುತ್ತದೆ. ಇದು ನಗೆ ತರಿಸುವ ಭೇದವಾಯಿತು. ‘ಬಲ್ಲವನರಿಯ’ ಎಂಬುದನ್ನು ನೋಡಿದರೆ ನಗು ಮಾಯವಾಗುತ್ತದೆ. ‘ಬಲ್ಲವನು ಅರಿಯ’ ಎಂದರೆ ಬಲ್ಲವನಿಗೇ ಅರಿವಿಲ್ಲವೆಂದಾಯಿತು. ‘ಬಲ್ಲವನ ಅರಿಯ’ ಎಂದರೆ ಬಲ್ಲವನನ್ನು ಇನ್ನೊಬ್ಬನು ಅರಿತಿಲ್ಲವೆಂದಾಯಿತು. ಎರಡೂ ಲೋಪಸಂಧಿಯೇ. ವ್ಯಾಕರಣವು ಎರಡಕ್ಕೂ ಸಮ್ಮತಿಸುತ್ತದೆ. ಅನುಭಾವದ ದೃಷ್ಟಿಯಲ್ಲಿ ಇವೆರಡರ ನಡುವೆ ಅಜಗಜಾಂತರ. ಅಚ್ಚಿನ ಪುಟದಲ್ಲಿ ಒಂದು ಕೂದಲೆಳೆಯ ತೆರಪು ಬಿದ್ದೊಡನೆ ಒಂದು ಅರ್ಥ ಸ್ಥಿರವಾಗುತ್ತದೆ, ಇನ್ನೊಂದು ಇಲ್ಲವಾಗುತ್ತದೆ.

ಅಕ್ಷರಗಳ ವಿಷಯದಲ್ಲಿಯೂ ಹೀಗೆಯೇ. ಹಳೆಯ ಓಲೆಗಳಲ್ಲಿ ಎಕಾರ–ಏಕಾರಗಳ, ಒಕಾರ–ಓಕಾರಗಳ ಭೇದವು ಬಹುಮಟ್ಟಿಗೆ ಕಾಣಿಸುವುದಿಲ್ಲ. ‘ಬೆರೆ’ ಎಂಬುದೂ ‘ಬೇರೆ’ ಎಂಬುದೂ ಅಲ್ಲಿ ಒಂದೇ ರೂಪದಲ್ಲಿರುವ ಸಂಭವವುಂಟು. ಒಂದು ಕೂಡುವುದು, ಇನ್ನೊಂದು ಅಗಲುವುದು. ಲಿಂಗಾಂಗ ಸಾಮರಸ್ಯವನ್ನು ಹೇಳುವ ಸಾಹಿತ್ಯದಲ್ಲಿ ಈ ಎರಡು ಪದಗಳು ತಮ್ಮ ಸ್ಥಾನವನ್ನು ಅದಲುಬದಲು ಮಾಡಿಕೊಂಡರೆ ಉಳಿಯುವುದೇನು? ಹಾಗೆಯೇ ‘ಬಸವಂಣ’, ‘ಎಂನ’ ಎಂಬಂತೆ ಅನುನಾಸಿಕದ ದ್ವಿತ್ವಕ್ಕೆ ಬದಲಾಗಿ ಸೊನ್ನೆಯನ್ನು ಬರೆಯುವ ಪದ್ಧತಿ ಲಿಪಿಕಾರರಲ್ಲಿತ್ತು. ಅದನ್ನು ‘ಬಸವಣ್ಣ’, ‘ಎನ್ನ’ ಎಂದು ತಿದ್ದುವುದರಲ್ಲಿ ಆಕ್ಷೇಪವಿಲ್ಲ, ಏಕೆಂದರೆ ಅದು ಬರವಣಿಗೆಯ ರೂಢಿ, ಉಚ್ಚಾರದ ಭೇದವಲ್ಲ. ಯಾವುದು ಬರವಣಿಗೆಯ ರೂಢಿ, ಯಾವುದು ಶರಣರ ನುಡಿಯ ರೂಪ ಎಂಬ ವಿವೇಕವೇ ಪ್ರತಿಯನ್ನು ಸಿದ್ಧಪಡಿಸುವವನಿಗೆ ಬೇಕಾದ ಮೊದಲ ಅರ್ಹತೆ.

ಇನ್ನು ಸಾಲುಗಳ ವಿಚಾರ. ಕಣ್ಣಿಗೆ ಪರಿಚಿತವಾಗಿರುವ ವಚನವು ಪದ್ಯದಂತೆ ಏರಿಳಿಯುವ ಸಾಲುಗಳ ರಚನೆ. ಈ ಸಾಲುಗಳು ಓಲೆಯಲ್ಲಿಲ್ಲ. ಆಧುನಿಕ ಸಂಪಾದಕರು ಅರ್ಥವನ್ನೂ ಲಯವನ್ನೂ ನೋಡಿ ಒಡೆದವು. ವಚನವು ಗದ್ಯವೋ ಪದ್ಯವೋ ಎಂಬ ಚರ್ಚೆ ವಿಮರ್ಶಕರಲ್ಲಿ ಬಹುಕಾಲ ನಡೆದಿದೆ. ಆ ಚರ್ಚೆಯಲ್ಲಿ ತೊಡಗಿದವರು ಪುಟದ ಮೇಲಿನ ಸಾಲುಗಳನ್ನೇ ಆಧಾರವಾಗಿ ಹಿಡಿದರೆ, ಅವರು ಪರೀಕ್ಷಿಸುತ್ತಿರುವುದು ಶರಣರ ಲಯವನ್ನಲ್ಲ, ಮುದ್ರಣಪ್ರತಿಯನ್ನು ಸಿದ್ಧಪಡಿಸಿದವನ ಕಿವಿಯನ್ನು. ಅವನ ಕಿವಿ ಒಳ್ಳೆಯದಾಗಿದ್ದರೆ ಅದು ಕನ್ನಡದ ಭಾಗ್ಯ. ಎಸ್. ಎಸ್. ಬಸವನಾಳರಂಥವರ ಕಿವಿ ಅಂಥದು. ಆದರೆ ಅದೇ ವಚನವನ್ನು ಇನ್ನೊಬ್ಬರು ಜೇಬಿನ ಗಾತ್ರದ ಪುಸ್ತಕಕ್ಕೆ ಅಳವಡಿಸುವಾಗ ಹಾಳೆಯ ಅಗಲ ಸಾಲದೆ ಸಾಲುಗಳನ್ನು ಮನಬಂದಂತೆ ಮುರಿದರೆ, ಅಲ್ಲಿ ಸಾಲನ್ನು ಒಡೆದದ್ದು ಅರ್ಥವೂ ಅಲ್ಲ, ಲಯವೂ ಅಲ್ಲ, ಕಾಗದದ ಅಳತೆ. ಹಾಗೆ ಮುರಿದ ಸಾಲು ಮುಂದಿನ ಮುದ್ರಣದಲ್ಲಿ ನಿಜವಾದ ಸಾಲೆಂದೇ ನಿಂತುಬಿಡುತ್ತದೆ. ಅಗಲ ಸಾಲದಿದ್ದಾಗ ಉಳಿದ ಭಾಗವನ್ನು ಒಳಸರಿಸಿ ಅಚ್ಚುಮಾಡುವ ಪದ್ಧತಿ ಇರುವುದು ಈ ದೋಷದ ನಿವಾರಣೆಗಾಗಿಯೇ. ಅದನ್ನು ಪಾಲಿಸುವವರು ವಿರಳ.

ಅಂಕಿತದ ವಿಷಯವು ಇನ್ನೂ ಸೂಕ್ಷ್ಮವಾದುದು. ಬಸವಣ್ಣನವರ ಅಂಕಿತವನ್ನು ಬದಲಿಸಿ ಪ್ರಕಟಿಸಿದ ಗ್ರಂಥವೊಂದನ್ನು ಕರ್ನಾಟಕ ಸರ್ಕಾರವು 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು. ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಆ ಕ್ರಮವನ್ನು ಎತ್ತಿಹಿಡಿಯಿತು. ಅಲ್ಲಿ ಬದಲಾವಣೆ ಬುದ್ಧಿಪೂರ್ವಕವಾದುದು, ಬಹಿರಂಗವಾದುದು. ಆದುದರಿಂದ ಅದನ್ನು ಪ್ರಶ್ನಿಸಲು ಸಾಧ್ಯವಾಯಿತು. ಮುದ್ರಣಪ್ರತಿಯ ಸಿದ್ಧತೆಯಲ್ಲಿ ಅರಿಯದೆ ಆಗುವ ಬದಲಾವಣೆಗಳನ್ನು ಪ್ರಶ್ನಿಸುವವರು ಯಾರು? ಅಕ್ಕಮಹಾದೇವಿಯ ಅಂಕಿತವು ಒಂದು ಪುಸ್ತಕದಲ್ಲಿ ‘ಚೆನ್ನಮಲ್ಲಿಕಾರ್ಜುನ’ ಎಂದೂ ಇನ್ನೊಂದರಲ್ಲಿ ‘ಚನ್ನಮಲ್ಲಿಕಾರ್ಜುನ’ ಎಂದೂ ಕಾಣಿಸುತ್ತದೆ. ಕೆಲವೊಮ್ಮೆ ಒಂದೇ ಪುಸ್ತಕದ ಎದುರುಬದುರು ಪುಟಗಳಲ್ಲಿಯೇ ಎರಡೂ ರೂಪಗಳಿರುತ್ತವೆ. ಹಸ್ತಪ್ರತಿಗಳ ಆಧಾರದಿಂದ ಎರಡನ್ನೂ ಉಳಿಸಿಕೊಂಡುದಾದರೆ ಅದು ಪಾಂಡಿತ್ಯ. ಬೆರಳಚ್ಚು ಮಾಡಿದವರು ಇಬ್ಬರಾದುದರಿಂದ ಎರಡು ರೂಪಗಳು ಬಂದುದಾದರೆ ಅದು ಅಜಾಗರೂಕತೆ. ಪುಟವನ್ನು ಮಾತ್ರ ನೋಡುವ ಓದುಗನಿಗೆ ಪಾಂಡಿತ್ಯಕ್ಕೂ ಅಜಾಗರೂಕತೆಗೂ ಭೇದ ತಿಳಿಯುವುದಿಲ್ಲವೆಂಬುದೇ ದುರ್ದೈವ.

ಸೀಸದ ಮೊಳೆಗಳ ಕಾಲದಲ್ಲಿ ತಪ್ಪುಗಳು ಕಡಿಮೆಯಿದ್ದವೆಂದು ಭಾವಿಸಬೇಕಾಗಿಲ್ಲ. ಗುಣಿತಾಕ್ಷರ, ಒತ್ತಕ್ಷರಗಳೆಂದು ಕನ್ನಡಕ್ಕೆ ನೂರಾರು ಬಗೆಯ ಮೊಳೆಗಳು ಬೇಕಾಗುತ್ತಿದ್ದವು. ಒತ್ತಿನ ಮೊಳೆ ಮುರಿದರೆ ಒತ್ತು ಹೋಗುತ್ತಿತ್ತು. ದೀರ್ಘದ ಮೊಳೆ ಸಾಲದಿದ್ದರೆ ಹ್ರಸ್ವವೇ ನಿಲ್ಲುತ್ತಿತ್ತು. ಆದರೆ ಆ ವ್ಯವಸ್ಥೆಯಲ್ಲಿ ಒಂದು ಗುಣವಿತ್ತು. ಪ್ರತಿಯನ್ನು ಬರೆದವನ ಕಣ್ಣು, ಮೊಳೆ ಜೋಡಿಸುವವನ ಕಣ್ಣು, ಕರಡು ತಿದ್ದುವವನ ಕಣ್ಣು ಎಂದು ಮೂರು ಜೊತೆ ಕಣ್ಣುಗಳು ಪ್ರತಿಯೊಂದು ಅಕ್ಷರದ ಮೇಲೆ ಹಾಯುತ್ತಿದ್ದವು. ಒಬ್ಬನು ಗಟ್ಟಿಯಾಗಿ ಮೂಲವನ್ನು ಓದುವುದು, ಇನ್ನೊಬ್ಬನು ಕರಡನ್ನು ಹಿಡಿದು ಅನುಸರಿಸುವುದು ಒಳ್ಳೆಯ ಅಚ್ಚುಕೂಟಗಳ ಪದ್ಧತಿಯಾಗಿತ್ತು. ಕಿವಿಯ ಮೂಲಕ ಪಾಠ ಶುದ್ಧವಾಗುವ ಈ ಕ್ರಮ ವಚನದ ಸ್ವಭಾವಕ್ಕೂ ಒಪ್ಪುವಂಥದು. ವಚನವೆಂದರೆ ಮಾತು ತಾನೆ?

ಗಣಕಯಂತ್ರ ಬಂದ ಮೇಲೆ ಈ ಮೂರು ಜೊತೆ ಕಣ್ಣುಗಳ ಕೆಲಸ ಒಂದು ಜೊತೆಗೆ ಇಳಿಯಿತು. ತಪ್ಪುಗಳ ಸ್ವರೂಪವೂ ಬದಲಾಯಿತು. ‘ನುಡಿ’, ‘ಬರಹ’, ‘ಶ್ರೀಲಿಪಿ’ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಸಿದ್ಧವಾದ ವಚನಗ್ರಂಥಗಳು ಅನೇಕ. ಅವುಗಳನ್ನು ಈಗ ಯೂನಿಕೋಡ್ ಸಂಕೇತಕ್ಕೆ ಪರಿವರ್ತಿಸಿ ಮರುಮುದ್ರಣಕ್ಕೆ ಕೊಡುವುದು ರೂಢಿಯಾಗಿದೆ. ಪರಿವರ್ತನೆಯಲ್ಲಿ ಅರ್ಕಾವೊತ್ತು ಸ್ಥಾನ ತಪ್ಪುವುದುಂಟು. ಒತ್ತಕ್ಷರ ಪಕ್ಕದ ಅಕ್ಷರಕ್ಕೆ ಜಾರುವುದುಂಟು. ಕಣ್ಣಿಗೆ ಕಾಣದ ಜೋಡಕ ಸಂಕೇತ ಬಿದ್ದುಹೋಗಿ ಸಂಯುಕ್ತಾಕ್ಷರವು ಬೇರೆ ರೂಪ ತಾಳುವುದುಂಟು. ಇವೆಲ್ಲ ಕಣ್ಣಿಗೆ ಕಾಣುವ ದೋಷಗಳು. ಕಾಣದ ದೋಷವೊಂದಿದೆ. ಅನುಸ್ವಾರದ ಸೊನ್ನೆಯೂ ಕನ್ನಡ ಅಂಕಿಯ ಸೊನ್ನೆಯೂ ನೋಟಕ್ಕೆ ಒಂದೇ. ಯಂತ್ರಕ್ಕೆ ಅವು ಬೇರೆ ಬೇರೆ. ಅವಸರದ ಬೆರಳು ಅನುಸ್ವಾರದ ಎಡೆಯಲ್ಲಿ ಅಂಕಿಯನ್ನು ಒತ್ತಿಬಿಡುತ್ತದೆ. ‘ಲಿಂಗ’ ಎಂಬ ಪದದ ನಡುವೆ ಹೀಗೆ ಎಣಿಕೆಯ ಸೊನ್ನೆ ಕುಳಿತರೆ ಅಚ್ಚಿನಲ್ಲಿ ಪದವು ಸರಿಯಾಗಿಯೇ ತೋರುತ್ತದೆ. ಮುಂದೆ ವಿದ್ಯಾರ್ಥಿಯೊಬ್ಬನು ಗಣಕದಲ್ಲಿ ಆ ಪದವನ್ನು ಹುಡುಕಿದಾಗ ಮಾತ್ರ ಆ ಗ್ರಂಥದಲ್ಲಿ ಲಿಂಗವಿಲ್ಲವೆಂಬ ಉತ್ತರ ಬರುತ್ತದೆ. ಶೂನ್ಯದ ತತ್ತ್ವವನ್ನು ಬೋಧಿಸಿದ ಸಾಹಿತ್ಯಕ್ಕೆ ಈ ಶೂನ್ಯ ಮಾತ್ರ ಭೂಷಣವಲ್ಲ.

ಒಮ್ಮೆಗೇ ಎಲ್ಲ ಕಡೆಯೂ ತಿದ್ದುವ ಸೌಕರ್ಯವು ಇನ್ನೊಂದು ಅಪಾಯ. ಗೌರವಾರ್ಥವಾಗಿ ‘ಬಸವ’ ಎಂಬುದನ್ನು ‘ಬಸವಣ್ಣ’ ಎಂದು ಬದಲಿಸಲು ಯಂತ್ರಕ್ಕೆ ಆಜ್ಞೆಯಿತ್ತರೆ, ಅದು ಮೊದಲೇ ಸರಿಯಾಗಿದ್ದ ‘ಬಸವಣ್ಣ’ನನ್ನು ‘ಬಸವಣ್ಣಣ್ಣ’ನನ್ನಾಗಿ ಮಾಡುತ್ತದೆ. ‘ಶರಣ’ ಎಂಬುದನ್ನು ‘ಶರಣರು’ ಎಂದು ತಿದ್ದಹೊರಟರೆ ‘ಶರಣಸತಿ’ ಎಂಬ ಪರಿಭಾಷೆ ‘ಶರಣರುಸತಿ’ ಎಂಬ ಅನರ್ಥವಾಗುತ್ತದೆ. ಓಲೆಯ ಲಿಪಿಕಾರನು ಒಂದು ತಪ್ಪನ್ನು ಒಂದು ಕಡೆ ಮಾಡುತ್ತಿದ್ದನು. ಯಂತ್ರವು ಒಂದು ತಪ್ಪನ್ನು ಕ್ಷಣಮಾತ್ರದಲ್ಲಿ ಸಾವಿರ ಕಡೆ ಮಾಡುತ್ತದೆ, ಅದೂ ಒಂದೇ ಬಗೆಯಾಗಿ. ಒಂದೇ ಬಗೆಯಾದ ತಪ್ಪು ನೋಡುವವರಿಗೆ ನಿಯಮದಂತೆ ತೋರುತ್ತದೆ.

ವ್ಯಾಪಾರಿ ಮುದ್ರಣಾಲಯದ ಅಪೇಕ್ಷೆಗಳು ಬೇರೆ. ಪುಟದ ಅಳತೆ ನಿಗದಿಯಾಗಿರಬೇಕು. ಬಳಸಿದ ಅಕ್ಷರವಿನ್ಯಾಸಗಳೆಲ್ಲ ಪಿಡಿಎಫ್ ಕಡತದೊಳಗೆ ಅಡಕವಾಗಿರಬೇಕು, ಇಲ್ಲವಾದರೆ ಅಲ್ಲಿನ ಯಂತ್ರವು ತನ್ನಲ್ಲಿರುವ ಬೇರೊಂದು ವಿನ್ಯಾಸವನ್ನು ತುಂಬಿಕೊಂಡು ಅಕ್ಷರಗಳನ್ನು ಕೆಡಿಸಬಹುದು. ಅಕ್ಷರಭಾಗಕ್ಕೆ ಕಪ್ಪು ಮಸಿಯೊಂದೇ ಸಾಕು. ನಾಲ್ಕು ಬಣ್ಣಗಳನ್ನು ಬೆರೆಸಿದ ಕಪ್ಪಾದರೆ ಒಂದರ ಮೇಲೊಂದು ಕೂಡದೆ ಸಣ್ಣಕ್ಷರಗಳ ಅಂಚು ಮಸಕಾಗುತ್ತದೆ. ಓಲೆಗರಿಯ ಛಾಯಾಚಿತ್ರವನ್ನು ಹಾಕುವುದಾದರೆ ಅಂಗುಲಕ್ಕೆ 300 ಬಿಂದುಗಳಾದರೂ ಬೇಕು; ನಾಲ್ಕು ಅಂಗುಲ ಅಗಲದ ಚಿತ್ರಕ್ಕೆ 1200 ಬಿಂದುಗಳೆಂದು ಲೆಕ್ಕ. ರಕ್ಷಾಪುಟದ ಬಣ್ಣವು ಕತ್ತರಿಯ ಗೆರೆಯಿಂದ 3 ಮಿಲಿಮೀಟರಿನಷ್ಟು ಹೊರಗೆ ಚಾಚಿರಬೇಕು. ಇವೆಲ್ಲ ತಾಂತ್ರಿಕ ವಿಷಯಗಳೆಂದು ಸಂಪಾದಕನು ಕೈಬಿಡುವುದುಂಟು. ಆದರೆ ಕನ್ನಡದ ಲಿಪಿಯಲ್ಲಿ ತಂತ್ರಕ್ಕೂ ಪಾಠಕ್ಕೂ ನಡುವಿನ ಗೆರೆ ತೆಳುವಾದುದು. ಒತ್ತಕ್ಷರ ಕೆಳಗಿಳಿಯುವ, ಗುಡಿಸು ಮೇಲೇರುವ ಲಿಪಿ ಇದು. 12 ಪಾಯಿಂಟಿನ ಅಕ್ಷರಕ್ಕೆ ಸಾಲುಗಳ ಅಂತರವನ್ನು 14ಕ್ಕೆ ಇಳಿಸಿ ಕಾಗದವನ್ನು ಉಳಿಸಹೊರಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ವಯೋವೃದ್ಧನಾದ ಭಕ್ತನು ಕನ್ನಡಕವೇರಿಸಿ ಓದುವಾಗ ‘ಇ’ಕಾರವೋ ‘ಎ’ಕಾರವೋ ತಿಳಿಯದೆ ಊಹಿಸಬೇಕಾಗುತ್ತದೆ. ಅವನು ಊಹಿಸಿದುದು ಅವನ ಬಾಯಲ್ಲಿ ಪಾಠವಾಗುತ್ತದೆ.

ಮುದ್ರಣದ ಅರ್ಥಶಾಸ್ತ್ರವು ಪಾಠವಿಮರ್ಶೆಯನ್ನು ನೇರವಾಗಿ ತಟ್ಟುವ ಒಂದು ಸ್ಥಾನವನ್ನು ಇಲ್ಲಿ ಹೇಳಲೇಬೇಕು. ಹಾಳೆಯನ್ನು ಎರಡೂ ಮಗ್ಗುಲಲ್ಲಿ ಅಚ್ಚುಮಾಡಿ ಮೂರು ಸಲ ಮಡಿಸಿದರೆ 16 ಪುಟಗಳ ಒಂದು ಫಾರಂ ಆಗುತ್ತದೆ. 20 ಫಾರಂಗಳಿಗೆ 320 ಪುಟ. ಗ್ರಂಥವು 324 ಪುಟಕ್ಕೆ ಬಂದು ನಿಂತರೆ ಉಳಿದ ನಾಲ್ಕು ಪುಟಗಳಿಗೆ ಬೇರೆ ಹಾಳೆ, ಬೇರೆ ಮಡಿಕೆ, ಬೇರೆ ವೆಚ್ಚ. ಪ್ರಕಾಶಕನು ನಾಲ್ಕು ಪುಟಗಳನ್ನು ಕಡಿಮೆ ಮಾಡಿರೆಂದು ಹೇಳುತ್ತಾನೆ. ಆಗ ಮೊದಲು ಕತ್ತರಿ ಬೀಳುವುದು ಯಾವುದಕ್ಕೆ? ಶುಭಸಂದೇಶಗಳಿಗೆ ಬೀಳುವುದಿಲ್ಲ, ದಾನಿಗಳ ಭಾವಚಿತ್ರಗಳಿಗೆ ಬೀಳುವುದಿಲ್ಲ. ಬೀಳುವುದು ಪಾಠಾಂತರಗಳ ಪಟ್ಟಿಗೆ, ಹಸ್ತಪ್ರತಿಗಳ ವಿವರಕ್ಕೆ, ವಚನಗಳ ಅಕಾರಾದಿಗೆ. ಶ್ರೀಸಾಮಾನ್ಯನಿಗೆ ಬೇಡವಾದುದನ್ನು ಬಿಟ್ಟೆವೆಂಬ ಸಮಾಧಾನ ಪ್ರಕಾಶಕನಿಗಿರುತ್ತದೆ. ವಾಸ್ತವವಾಗಿ ಬಿಟ್ಟುದು ಗ್ರಂಥದ ಸಾಕ್ಷ್ಯವನ್ನು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಶರಣರು ಅಕ್ಷರದ ಅಹಂಕಾರವನ್ನು ಖಂಡಿಸಿದವರು. ನಡೆಯಿಲ್ಲದ ನುಡಿಗೆ ಬೆಲೆಯಿಲ್ಲವೆಂದವರು. ಅವರ ಮಾತಿಗೆ ಒತ್ತು ಕೊಂಬುಗಳ ಲೆಕ್ಕವೇಕೆ, ಭಾವ ಶುದ್ಧವಾಗಿದ್ದರೆ ಸಾಲದೆ ಎಂದು. ಈ ಆಕ್ಷೇಪದಲ್ಲಿ ಭಕ್ತಿಯಿದೆ. ಇತಿಹಾಸದ ತಿಳಿವಳಿಕೆ ಸಾಲದು. ವಚನಗಳನ್ನು ಉಳಿಸಿ ಮುಂದಿನವರಿಗೆ ದಾಟಿಸಿದವರು ಅವುಗಳನ್ನು ಸಂಗ್ರಹಿಸಿ, ಸ್ಥಲಕ್ರಮದಲ್ಲಿ ಜೋಡಿಸಿ, ಪ್ರತಿಮಾಡಿದ ವಿರಕ್ತರು. ‘ಶೂನ್ಯಸಂಪಾದನೆ’ಯನ್ನೇ ನೋಡಬಹುದು. ಶಿವಗಣಪ್ರಸಾದಿ ಮಹದೇವಯ್ಯ, ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗದೇವ, ಗೂಳೂರ ಸಿದ್ಧವೀರಣ್ಣೊಡೆಯ ಎಂಬ ನಾಲ್ವರು ಒಂದೇ ವಸ್ತುವನ್ನು ನಾಲ್ಕು ಸಲ ಪರಿಷ್ಕರಿಸಿದರು. ಹಿಂದಿನವರ ಕೃತಿಯಲ್ಲಿ ಕೊರತೆಯೆಂದು ತೋರಿದುದನ್ನು ತುಂಬುವುದು, ಕ್ರಮವನ್ನು ಸರಿಪಡಿಸುವುದು ಅವರಿಗೆ ಶಿವಯೋಗಕ್ಕೆ ಹೊರಗಾದ ಕೆಲಸವೆನಿಸಲಿಲ್ಲ. ಅಕ್ಷರದ ಅಹಂಕಾರವನ್ನು ಖಂಡಿಸುವುದು ಬೇರೆ, ಅಕ್ಷರದಲ್ಲಿ ಅಲಕ್ಷ್ಯ ಮಾಡುವುದು ಬೇರೆ. ಕಾಯಕವನ್ನು ಕೈಲಾಸಕ್ಕೆ ಸಮನೆಂದ ಪರಂಪರೆಯಲ್ಲಿ ಕರಡು ತಿದ್ದುವುದೂ ಒಂದು ಕಾಯಕವೇ; ಅದನ್ನು ಅರೆಮನಸ್ಸಿನಿಂದ ಮಾಡಲು ಯಾವ ಶರಣನೂ ಅನುಮತಿಯಿತ್ತಿಲ್ಲ.

ಸರ್ಕಾರವು 1993ರಲ್ಲಿ 15 ಸಂಪುಟಗಳಲ್ಲಿ ಪ್ರಕಟಿಸಿದ ‘ಸಮಗ್ರ ವಚನ ಸಂಪುಟ’ವು ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಹೊರಬಂದು, ಚದುರಿದ್ದ ಸಾಹಿತ್ಯಕ್ಕೆ ಒಂದು ನೆಲೆಯನ್ನು ಒದಗಿಸಿತು. ಸಣ್ಣ ಸಂಘಸಂಸ್ಥೆಗಳು ಇಂದು ಹೊರತರುವ ಆಯ್ದ ವಚನಗಳ ಪುಸ್ತಕಗಳು ಅಂಥ ಒಂದು ಆವೃತ್ತಿಯನ್ನು ಆಧಾರವಾಗಿಟ್ಟುಕೊಂಡು, ಅದನ್ನು ಹೆಸರಿಸಿ, ಅದರೊಡನೆ ಅಕ್ಷರಕ್ಕೆ ಅಕ್ಷರ ಒಪ್ಪಿಸಿ ನೋಡಿದರೆ ಅರ್ಧಕ್ಕಿಂತ ಹೆಚ್ಚು ಕ್ಲೇಶ ನಿವಾರಣೆಯಾಗುತ್ತದೆ. ಉಳಿದುದಕ್ಕೆ ಬೇಕಾದ ಶಿಸ್ತು ದುಬಾರಿಯೇನಲ್ಲ. ಬೆರಳಚ್ಚಿಗೆ ಕೂರುವ ಮುನ್ನವೇ ಅಂಕಿತಗಳ ರೂಪವನ್ನೂ ಪದವಿಭಾಗದ ನಿಯಮವನ್ನೂ ಬರೆದಿಡುವುದು. ಸಂಕೇತ ಪರಿವರ್ತನೆಯಾದ ಮೇಲೆ ಕಾಗದದ ಮೇಲೆ ಅಚ್ಚುತೆಗೆದು ಇಬ್ಬರು ಕುಳಿತು ಗಟ್ಟಿಯಾಗಿ ಓದಿ ಒಪ್ಪಿಸುವುದು. ಎಲ್ಲ ಕಡೆಯೂ ತಿದ್ದುವ ಆಜ್ಞೆಯನ್ನು ಬಳಸದೆ ಒಂದೊಂದು ಸ್ಥಾನವನ್ನೂ ನೋಡಿಯೇ ತಿದ್ದುವುದು. ವಚನದ ಸಾಲುಗಳನ್ನು ಎಡ ಅಂಚಿಗೆ ಮಾತ್ರ ಹೊಂದಿಸಿ, ಬಲ ಅಂಚನ್ನು ಬಲವಂತವಾಗಿ ಸಮಮಾಡದಿರುವುದು. ಪುಟಗಳು ಸ್ಥಿರವಾದ ಮೇಲೆಯೇ ಅಕಾರಾದಿಯ ಪುಟಸಂಖ್ಯೆಗಳನ್ನು ತುಂಬುವುದು. ಅಚ್ಚಾದ ಪಿಡಿಎಫ್ ಕಡತದೊಡನೆ ತಿದ್ದಬಹುದಾದ ಮೂಲ ಕಡತವನ್ನೂ ಸಂಸ್ಥೆಯಲ್ಲಿ ಕಾದಿಡುವುದು. ಮುದ್ರಕನು ಕೊಟ್ಟುದನ್ನು ಕೊಟ್ಟಂತೆ ಅಚ್ಚುಮಾಡುತ್ತಾನೆ; ವಚನವನ್ನು ತಿದ್ದುವುದು ಅವನ ಕರ್ತವ್ಯವಲ್ಲ. ತಪ್ಪು ಕಂಡಾಗ ಅಚ್ಚಿನ ಮನೆಯನ್ನು ದೂಷಿಸುವುದು ಸುಲಭ. ತಪ್ಪಿನ ಬೇರು ಬಹುಮಟ್ಟಿಗೆ ಅದಕ್ಕೂ ಮುಂಚೆಯೇ ಊರಿರುತ್ತದೆ.

ಓಲೆಗಳ ಕಾಲದ ಒಂದು ಸಂಪ್ರದಾಯವನ್ನು ಪುನಃ ತರುವುದು ಎಲ್ಲಕ್ಕಿಂತ ಉಚಿತವಾದೀತು. ಲಿಪಿಕಾರನು ಗ್ರಂಥದ ಕೊನೆಯಲ್ಲಿ ತನ್ನ ಹೆಸರನ್ನೂ ಪ್ರತಿಮಾಡಿದ ಕಾಲವನ್ನೂ ಬರೆದು, ಬೆನ್ನು ಕುತ್ತಿಗೆಗಳು ಬಾಗಿ ನೋಯುವಂತೆ ಬರೆದುದಾಗಿಯೂ, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕಾಗಿಯೂ ವಿನಂತಿಸಿಕೊಳ್ಳುವುದಿತ್ತು. ತನ್ನ ಕೈಯಿಂದ ತಪ್ಪು ನಡೆಯಬಹುದೆಂದು ಒಪ್ಪಿಕೊಂಡ ವಿನಯ ಅದು. ಆ ವಿನಯವೇ ಮುಂದಿನವನಿಗೆ ತಿದ್ದುವ ಅಧಿಕಾರವನ್ನು ಕೊಡುತ್ತಿತ್ತು. ಇಂದಿನ ಹೊಳಪಿನ ಪುಸ್ತಕದಲ್ಲಿ ರಕ್ಷಾಪುಟವನ್ನು ಬಿಡಿಸಿದವರ ಹೆಸರಿದೆ, ಅಚ್ಚುಮಾಡಿದವರ ವಿಳಾಸವಿದೆ. ಯಾವ ಆವೃತ್ತಿಯಿಂದ ಪಾಠವನ್ನು ತೆಗೆದುಕೊಂಡರು, ಯಾರು ಪದ ಬಿಡಿಸಿದರು, ಯಾರು ಕರಡು ತಿದ್ದಿದರು, ಏನನ್ನು ಬದಲಿಸಿದರು ಎಂಬ ಒಂದು ಪುಟ ಮಾತ್ರ ಇರುವುದಿಲ್ಲ. ಪ್ರತಿಯೊಂದು ವಚನಸಂಕಲನದ ಕೊನೆಯಲ್ಲಿ ಆ ಒಂದು ಪುಟವು ಸೇರಿದರೆ, ಪಾರಾಯಣ ಮಾಡುವ ಭಕ್ತನ ನಂಬಿಕೆಗೆ ಆಧಾರ ದೊರೆಯುತ್ತದೆ, ಪ್ರಶ್ನಿಸುವ ವಿದ್ಯಾರ್ಥಿಗೆ ದಾರಿ ದೊರೆಯುತ್ತದೆ. ಅದಕ್ಕಾಗಿ ಫಾರಂ ಒಂದು ಹೆಚ್ಚಾದರೆ ಆಗಲಿ.